ಊಟಾದ ಮ್ಯಾಲ ಒಂದೊಡಪು

ಈ ಸಲ ಬರಿಯಾಕ ತಡ ಆತು. ಸೂಟಿಗೆ ನಾದಿನಿ ಮಕ್ಕಳಿಬ್ಬರು ಪುಣೆಯಿಂದ ಬಂದಿದ್ರು. ನಮ್ಮವು ಎರಡು, ಅವು ಎರಡು, ಒಟ್ಟು ನಾಕು ಹುಡುಗೂರು. ಮನ್ಯಾಗ ಮೊಬೈಲ್ ಮೂರು. ಲೆಕ್ಕ ನೀವs ಹಾಕ್ರಿ, ಯಾವ ಹೊತ್ತಿಗೆ ನೋಡಿದ್ರೂ ಒಂದು ಹುಡುಗ ಅಳಾಕತ್ತಿರತದ.

ಹೊರಗ ಹೋಗಿ ಆಡ್ರಿ ಅನ್ನಾಕ ನಮ್ಮ ಕಡೆ ಬ್ಯಾಸಗಿ ಬಿಸಲು ಎಂಥಾದ್ದು ಅಂತ ನಿಮಗ ಹೇಳಬೇಕಾಗಿಲ್ಲ. ಒಳಗ ಫ್ಯಾನಿನ ಬುಡಕ ಕುಂತ್ರ ಮತ್ತದೇ ಮೊಬೈಲ್. ನಾಕು ದಿನ ನೋಡಿದೆ. ಐದನೇ ದಿನ ರಾತ್ರಿ ಊಟಾದ ಕೂಡಲೇ ಮೂರೂ ಮೊಬೈಲ್ ಕಸಗೊಂಡು ದೊಡ್ಡ ಕುಕ್ಕರಿನ್ಯಾಗ ಹಾಕಿ ಮುಚ್ಚಳ ಬಿಗದು ಅಟ್ಟದ ಮ್ಯಾಲ ಇಟ್ಟೆ. ನಮ್ಮವರದೂ ಅದರಾಗs. ಅವರು ಬಾಯಿ ತಗದ್ರು, ನನ್ನ ಮಾರಿ ನೋಡಿ ಮುಚ್ಚಿದ್ರು.

"ಈಗ ನಾವೇನ್ ಮಾಡೂಣು?" ಅಂತು ಪುಣೆದ ದೊಡ್ಡಾಂವ. ಹದಿಮೂರು ವರ್ಷದಾಂವ, ಮೊಬೈಲ್ ಇಲ್ಲಂದ್ರ ಕೈ ಎಲ್ಲಿಡಬೇಕು ಅಂತ ತಿಳೀವಲ್ದು ಅವಂಗ.

"ಆಯಿ ಕಡೆ ಹೋಗ್ರಿ, ಒಡಪು ಹಾಕ್ತಾಳ" ಅಂದೆ.

ಬ್ಯಾರೆ ಕಡೆ ಒಗಟು ಅಂತಾರಲ್ಲ, ಅದಕ್ಕ ನಾವು ಒಡಪು ಅಂತೀವಿ. ಮದವ್ಯಾಗ, ಕುಬಸದಾಗ ಹೆಣ್ಣಮಕ್ಕಳು ಗಂಡನ ಹೆಸರು ಮಾತಿನ ನಡುವ ಮುಚ್ಚಿಟ್ಟು ಹೇಳ್ತೀವಲ್ಲ, ಅದಕ್ಕೂ ಒಡಪೇ ಅಂತೀವಿ. ಎರಡಕ್ಕೂ ಒಂದೇ ಹೆಸರು ಯಾಕ ಅಂತ ನಾ ಎಂದೂ ವಿಚಾರ ಮಾಡಿದ್ದಿಲ್ಲ. ಈ ಸೂಟಿಯೊಳಗ ಮಾಡುವಂಗಾತು. ಅದನ್ನ ಮುಂದ ಹೇಳ್ತೀನಿ.

ನಮ್ಮ ಮನ್ಯಾಗ ಈ ಆಟ ಶುರುವಾಗಿದ್ದು 2020ರ ಅಕ್ಟೋಬರ್‌ದಾಗ. ಆ ವರ್ಷ ಮರತವರು ಯಾರದಾರ? ಕೊರೋನಾ ಅಂತ ಸಾಲಿ ಬಂದ್. ಅದರ ಮ್ಯಾಲ ಮಹಾರಾಷ್ಟ್ರದಾಗ ಮಳಿ ಸುರದು, ಉಜನಿ ಡ್ಯಾಮಿನಿಂದ ನೀರು ಬಿಟ್ಟು, ಹೊಳಿ ಉಕ್ಕಿ ಬಂತು. ನಮ್ಮ ವಸ್ತಿ ಹೊಳಿ ದಂಡಿ ಹೊಲದಾಗ. ಮುಂಜಾನಿ ಕಬ್ಬಿನ ಬುಡಕ್ಕ ಬಂದಿದ್ದ ನೀರು ಹೊತ್ತು ಮುಣಗೂದರಾಗ ಮನಿ ಕಟ್ಟಿ ಮುಟ್ತು. ಎರಡು ಎಮ್ಮಿ ಹೊಡಕೊಂಡು ನಮ್ಮವರು ಮುಂದ ಹೋದ್ರು. ಜೋಳದ ಚೀಲ, ಹಾಸಿಗಿ, ಹುಡುಗೂರನ್ನ ಟ್ರ್ಯಾಕ್ಟರ್ ಮ್ಯಾಲ ಹಾಕ್ಕೊಂಡು ನಾವು ಊರಾಗಿನ ನೆಗೆಣ್ಣಿ ಮನಿಗೆ ಬಂದ್ವಿ. ಕರೆಂಟ್ ಇಲ್ಲ. ಆನ್‌ಲೈನ್ ಕ್ಲಾಸಿಗೆ ಅಂತ ಸಾಲಾ ಮಾಡಿ ತಗೊಂಡ ಮೊಬೈಲ್ ಚಾರ್ಜ್ ಮುಗದು ಕಪ್ಪಗ ಕುಂತಿತ್ತು. ಮಗಗ ಆಗ ಎಂಟು ವರ್ಷ. ಮೊಬೈಲ್ ಹಚ್ಚಿಕೊಡು ಅಂತ ಒಂದೇ ಸವನ ಅಳಾಕ ಹತ್ತಿದ. ನಾ ಬೆನ್ನ ಮ್ಯಾಲ ಎರಡು ಕೊಟ್ಟೆ. ಹೊಲ ಹೋದ ಸಿಟ್ಟು ಆ ಸಣ್ಣ ಬೆನ್ನಿಗೆ ಬಿತ್ತು, ಈಗ ನೆನಸಿದ್ರ ಕೈ ಉರೀತಾವ.

ನಮ್ಮತ್ತಿ ಏನೂ ಅನ್ಲಿಲ್ಲ. ಅವನನ್ನ ಎಳಕೊಂಡು ಕೌದಿಯೊಳಗ ಹಾಕ್ಕೊಂಡ್ರು. ಸ್ವಲ್ಪ ಹೊತ್ತಾದ ಮ್ಯಾಲ ಕತ್ತಲದಾಗ ಅವರ ದನಿ ಕೇಳ್ತು.

"ಕಾಲಿಲ್ಲ, ಓಡ್ತದ. ಬಾಯಿಲ್ಲ, ನುಂಗ್ತದ. ಏನು ಹೇಳು?"

ಬಿಕ್ಕೋತನೇ ಅಂದ, "ಹಾವು."

"ಹಾವಿಗೆ ಬಾಯಿಲ್ಲೇನೋ ಹುಚ್ಚಾ?"

"ಗಾಳಿ."

"ಗಾಳಿ ಏನ್ ನುಂಗತದ? ಹೊರಗ ಸಪ್ಪಳ ಕೇಳು."

ಕೇಳಿದ. ನಾವೆಲ್ಲಾರೂ ಕೇಳಿದ್ವಿ. ಅಷ್ಟು ದೂರದಿಂದ ಹೊಳಿ ಸದ್ದು ಬರತಿತ್ತು. ಅಂವ ಹೇಳಲಿಲ್ಲ. ಒಡಪು ಬಿಡಸಾಕ ಬರಲಿಲ್ಲಂದ್ರ ಊರು ಕೊಡಬೇಕು, ಅದು ನಮ್ಮತ್ತಿ ಕಾನೂನು. "ಸೋತಿ, ಊರು ಕೊಡು" ಅಂದ್ರು. ಎಂಟು ವರ್ಷದ ಹುಡುಗ, ಅವಂಗ ಎಷ್ಟು ಊರು ಗೊತ್ತಿರ್ತಾವ? "ಅಗರಖೇಡ ಕೊಟ್ಟೆ" ಅಂದ.

ಕತ್ತಲದಾಗ ಎಲ್ಲಾರೂ ಸುಮ್ಮನಾದ್ರು. ನಮ್ಮ ಮಾವನೋರು ಆಗ ಇದ್ರು. ಬಾಗಲದಾಗ ಕುಂತು ಬೀಡಿ ಸೇದಾಕತ್ತಿದ್ದರು, ಬೀಡಿ ಕೆಂಡ ಬಾಯಿ ಹತ್ತಿರ ಹೋಗಿದ್ದು ಅಲ್ಲೇ ನಿಂತು.

"ಅದನ್ನ ಕೊಡಬ್ಯಾಡೋ ಅಪ್ಪಾ" ಅಂದ್ರು ನಮ್ಮತ್ತಿ. "ಅದನ್ನ ಬ್ಯಾರೆ ಯಾರೋ ಕೇಳಾಕತ್ತಾರ. ಸೊಲ್ಲಾಪುರ ಕೊಡು, ತಗೋತೀನಿ."

ಸೊಲ್ಲಾಪುರ ಕೊಟ್ಟು ಮಲಗಿದ. ಎಂಟು ದಿನಕ್ಕ ನೀರು ಇಳೀತು, ಕಬ್ಬು ಕೊಳತು ಹೋತು, ಅದು ಬ್ಯಾರೆ ಕಥಿ. ಒಡಪು ಮಾತ್ರ ಮನ್ಯಾಗ ಉಳೀತು.

ಈಗ ಈ ಸೂಟಿದು ಹೇಳ್ತೀನಿ. ಮೊದಲನೇ ರಾತ್ರಿ ಪುಣೆದಾವು ಮಾರಿ ಗಂಟು ಹಾಕ್ಕೊಂಡು ಕುಂತವು. ಅವಕ್ಕ ಸೀದಾ ಒಡಪು ಹಾಕಿದ್ರ ಹಿಡಸಂಗಿಲ್ಲ ಅಂತ ನಾನs ಡೊಂಕು ಪ್ರಶ್ನೆಯಿಂದ ಶುರು ಮಾಡಿದೆ. ಬೇವಿನ ಗಿಡದಾಗ ಹತ್ತು ಗುಬ್ಬಿ ಕುಂತಾವ, ಕಲ್ಲು ಒಗದು ಒಂದನ್ನ ಬೀಳಿಸಿದ್ರ ಎಷ್ಟು ಉಳದಾವ? ಒಂಬತ್ತು ಅಂದು ಮಂಗ್ಯಾ ಆದವು. ಕತ್ತಲ ಮನ್ಯಾಗ ಕೈಯಾಗ ಒಂದೇ ಕಡ್ಡಿ ಅದ, ಮುಂದ ಒಲಿ ಅದ, ಚಿಮಣಿ ಅದ, ಊದಿನಕಡ್ಡಿ ಅದ, ಮೊದಲು ಏನು ಹಚ್ಚತಿ? ಒಲಿ ಅಂತು ಒಂದು, ಚಿಮಣಿ ಅಂತು ಒಂದು. ಮೊದಲು ಹಚ್ಚೋದು ಬೆಂಕಿಕಡ್ಡಿನೇ ಅಲ್ಲೇನ್ರಲೇ? ಇಷ್ಟಾಗೂದರಾಗ ಗಂಟು ಬಿಚ್ಚಿ ನಾಕೂ ಮುಂದ ಸರದು ಕುಂತವು.

ಆಮ್ಯಾಲ ಒಂದು ಕ್ವಿಂಟಲ್ ಹತ್ತಿ ಭಾರೋ, ಒಂದು ಕ್ವಿಂಟಲ್ ಜೋಳ ಭಾರೋ ಅಂತ ಕೇಳಿದೆ. ಪುಣೆದಾಂವ ಶಾಣ್ಯಾ, "ಎರಡೂ ಅಷ್ಟೇ ಮಾಮಿ" ಅಂದ. ನಮ್ಮ ಭಾವನೋರು ಆಕಡೆ ಬಾಜಿ ಮ್ಯಾಲ ಅಡ್ಡಾಗಿದ್ದವರು, "ಹತ್ತಿ ಭಾರ" ಅಂದ್ರು. ಹೆಂಗ್ರಿ ಅಂದ್ರ, "ಮುಂಜಾನಿ ಇಬ್ಬನಿಯೊಳಗ ಬಿಡಿಸಿ ನೋಡು" ಅಂದ್ರು. ಒಂದು ಕ್ವಿಂಟಲ್ ಅಂದ್ರ ಒಂದೇ ಕ್ವಿಂಟಲ್ ಅಲ್ಲೇನ್ರಿ ಅಂದೆ. "ಅದನ್ನ ತೂಕ ಮಾಡೋನಿಗೆ ಹೇಳು ಹೋಗು" ಅಂತ ಆಕಡೆ ಹೊಳ್ಳಿ ಮಲಗಿದ್ರು. ಇದಕ್ಕ ಉತ್ತರ ಯಾವ ಪುಸ್ತಕದಾಗೂ ಸಿಗೂದಿಲ್ಲ.

ರೊಟ್ಟಿ ಲೆಕ್ಕ ನಿಮಗೆಲ್ಲಾ ಗೊತ್ತಿದ್ದದ್ದೇ. ಇಬ್ಬರು ಅವ್ವಗಳು, ಇಬ್ಬರು ಮಗಳದೇರು, ಬುಟ್ಟ್ಯಾಗ ಮೂರೇ ರೊಟ್ಟಿ, ಒಬ್ಬೊಬ್ಬರಿಗೆ ಇಡೀ ರೊಟ್ಟಿ ಬಂತು, ಹೆಂಗ? ಆಯಿ, ಅವ್ವ, ಮಗಳು, ಇದ್ದದ್ದು ಮೂರೇ ಮಂದಿ. ಇದಕ್ಕಿಂತ ಹುಡುಗೂರಿಗೆ ಹಿಡಿಸಿದ್ದು ಲಿಂಬಿಹಣ್ಣಿನ ಲೆಕ್ಕ. ನಮ್ಮ ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್ ಸಿಕ್ಕದಲ್ರಿ, ಅದಕ್ಕ ನಾ ಹಣ್ಣು ಬ್ಯಾರೆ ಯಾವುದೂ ತಗೋಳಂಗಿಲ್ಲ. ಲಿಂಬಿಹಣ್ಣು ತಗೊಂಡು ಪ್ಯಾಟಿಗೆ ಹೊಂಟೀರಿ. ದಾರ್ಯಾಗ ಏಳು ಬಾಗಲ ಅದಾವ. ಒಂದೊಂದು ಬಾಗಲದಾಗೂ ಕೈಯಾಗಿದ್ದ ಹಣ್ಣಿನ್ಯಾಗ ಅರ್ಧ ಕೊಡಬೇಕು, ಕಾಯೋನು ಪಾಪ ಅಂತ ಒಂದು ಹಣ್ಣು ಹೊಳ್ಳಿ ಕೊಡ್ತಾನ. ಎಷ್ಟು ತಗೊಂಡು ಹೋದ್ರ ಪ್ಯಾಟಿ ಮುಟ್ಟೂದರಾಗ ಅಷ್ಟೇ ಉಳೀತಾವ? ಸಾವಿರ, ಹತ್ತು ಸಾವಿರ ಅಂತ ಹಾಳಿ ಪೆನ್ನು ತಗೊಂಡು ಕುಂತವು. ಎರಡೇ ಹಣ್ಣು ಸಾಕು. ಒಂದು ಕೊಡು, ಒಂದು ಇಸಕೋ. "ಮತ್ತ ಎರಡು ಹಣ್ಣಿಗೆ ಅಷ್ಟು ದೂರ ಯಾಕ ಹೋಗಬೇಕು?" ಅಂದಳು ನನ್ನ ಮಗಳು. ಆ ಮಾತಿಗೆ ನಮ್ಮವರು ಖರೇ ಹೇಳ್ಯಾಳ ಅಂತ ಬೆನ್ನು ತಟ್ಟಿದ್ರು.

ಮತ್ತೊಂದು ಕಠಿಣ ಲೆಕ್ಕ ಅದ, ನೀವು ನಿಮ್ಮ ಹುಡುಗೂರಿಗೆ ಕೊಡ್ರಿ. ಒಬ್ಬಾಕಿ ಹೂವು ತಗೊಂಡು ಮೂರು ಗುಡಿಗೆ ಹೊಂಟಾಳ. ಒಂದೊಂದು ಗುಡಿ ಮುಂದ ಒಂದೊಂದು ಹೊಂಡ, ಹೊಂಡದಾಗ ಅದ್ದಿದ್ರ ಹೂವು ಎರಡು ಪಟ್ಟು ಆಗ್ತಾವ. ಮೂರೂ ದೇವರಿಗೆ ಅಷ್ಟಷ್ಟೇ ಏರಿಸಿ ಬಂದಳು, ಉಡ್ಯಾಗ ಒಂದೂ ಉಳೀಲಿಲ್ಲ. ಎಷ್ಟು ತಗೊಂಡು ಹೋಗಿದ್ಲು, ಒಂದೊಂದು ದೇವರಿಗೆ ಎಷ್ಟು ಏರಿಸಿದಳು? ಏಳು ತಗೊಂಡು ಹೋಗಿ ಎಂಟೆಂಟು ಏರಿಸಿದಳು. ಅವಸರ ಮಾಡಿ ಉತ್ತರ ಹೇಳಬ್ಯಾಡ್ರಿ. ನಮ್ಮ ಮಗ ಎರಡು ದಿನ ತಲಿ ಕೆಡಿಸ್ಕೊಂಡ, ಮೂರನೇ ದಿನ ಶೇಂಗಾಕಾಳು ಸಾಲು ಹಚ್ಚಿ ತಾನs ಬಿಡಿಸಿದ. ಆ ಎರಡು ದಿನ ಮೊಬೈಲ್ ನೆನಪs ಬರಲಿಲ್ಲ ಅವಂಗ.

ಆದ್ರ ಎಲ್ಲಾ ನಗ್ತಾನೇ ನಡೀತು ಅಂತ ತಿಳಕೋಬ್ಯಾಡ್ರಿ. ಒಂದಿನ ನಮ್ಮತ್ತಿ ಒಂದು ಒಡಪು ಹಾಕಿದ್ರು. "ಮ್ಯಾಲಿನಾಕಿ ತಿರಗತಾಳ, ಕೆಳಗಿನಾಕಿ ಕುಂತಾಳ, ಇಬ್ಬರ ನಡುವ ಬೆಳ್ಳಗ ಉದುರತದ." ಬೀಸುಕಲ್ಲು ಅಂತ ನಮ್ಮ ಎರಡೂ ಒಮ್ಮೆಲೇ ಕೂಗಿದವು. ಪುಣೆದ ಸಣ್ಣಾಕಿ, ಒಂಬತ್ತು ವರ್ಷದಾಕಿ, "ಬೀಸುಕಲ್ಲು ಅಂದ್ರೇನು?" ಅಂದಳು. ನಮ್ಮವು ನಕ್ಕವು. "ಇಷ್ಟೂ ಗೊತ್ತಿಲ್ಲ!" ಅಂತು ನನ್ನ ಮಗ. ಆ ಕೂಸು ಎದ್ದು ಅಡಗಿಮನಿಗೆ ಹೋಗಿ ಅಟ್ಟ ನೋಡ್ಕೋತ ನಿಂತ್ಲು. "ಮಾಮಿ, ನನಗ ಮೊಬೈಲ್ ಕೊಡು. ಅದು ನನಗ ನಗಂಗಿಲ್ಲ."

ಅದರ ಮಾತು ಖರೇ ಅದ. ಮೊಬೈಲ್ ಯಾರಿಗೂ ನಗಂಗಿಲ್ಲ, ದಡ್ಡಿ ಅನ್ನಂಗಿಲ್ಲ. ನಮ್ಮ ಹುಡುಗೂರು ಅದಕ್ಕ ಯಾಕ ಅಂಟ್ಕೊಂತಾವ ಅನ್ನೋದು ನನಗ ಆವತ್ತು ಸ್ವಲ್ಪ ತಿಳೀತು.

ಮರುದಿನ ಮುಂಜಾನಿ ನಮ್ಮತ್ತಿ ಅಕಿ ಕೈ ಹಿಡ್ಕೊಂಡು ಹಿತ್ತಲಕ್ಕ ಹೋದ್ರು. ಅಲ್ಲಿ ಕೋಳಿ ಬುಟ್ಟಿ ಮ್ಯಾಲ ಭಾರಕ್ಕ ಅಂತ ಇಟ್ಟಿದ್ದ ಕಲ್ಲೇ ನಮ್ಮ ಬೀಸುಕಲ್ಲು. ಗಿರಣಿ ಬಂದ ಮ್ಯಾಲ ಅದರ ಗತಿ ಅಷ್ಟೇ. ತೊಳದು, ಗೂಟ ಬಡದು, ಒಂದು ಹಿಡಿ ಜೋಳ ಹಾಕಿ ಅಕಿ ಕೈಲೆ ತಿರುಗಿಸಿದ್ರು. ಹಿಟ್ಟು ಬಿದ್ದಿದ್ದು ನೋಡಿ ಅಕಿ ಕೇಳಿದಳು, "ಆಯಿ, ನಿನಗ ಇಷ್ಟು ಒಡಪು ಯಾರು ಕಲಿಸಿದ್ರು?" "ಇದs" ಅಂತ ಕಲ್ಲು ತೋರಿಸಿದ್ರು. ನಸುಕಿನ್ಯಾಗ ಎದ್ದು ಇಬ್ಬರು ಎದುರಾಬದರಾ ಕುಂತು ಬೀಸುವಾಗ ನಿದ್ದಿ ಬರಬಾರದು ಅಂತ ಒಬ್ಬಾಕಿ ಹಾಡಿದ್ರ ಒಬ್ಬಾಕಿ ಒಡಪು ಹಾಕ್ತಿದ್ಲಂತ. ನಮ್ಮ ಕಡೆ ಈ ಬೀಸುಕಲ್ಲಿನ ಹೆಣ್ಣಮಕ್ಕಳ ಬಾಯಿಂದನೇ ಹಾಡು ಬರಕೊಂಡು ಹಲಸಂಗಿ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ನಾಡಿಗೆಲ್ಲಾ ಹಂಚಿದ್ರು. 'ಗರತಿಯ ಹಾಡು' ಪುಸ್ತಕ ಬಂದಿದ್ದು 1931ರಾಗ. ಹಾಡು ಪುಸ್ತಕ ಸೇರಿದವು. ನಮ್ಮತ್ತಿ ಒಡಪು ಕೋಳಿಬುಟ್ಟಿ ಮ್ಯಾಲ ಕುಂತಿದ್ವು ನೋಡ್ರಿ.

ಅವತ್ತಿನಿಂದ ಒಂದು ಕಾಯ್ದೆ ಮಾಡಿದ್ವಿ. ಹಳೇ ಒಡಪು ಹಾಕಿದವರು ಆ ಸಾಮಾನು ತಂದು ತೋರಿಸಬೇಕು. ಇಲ್ಲಂದ್ರ ಈಗ ಮನ್ಯಾಗ ಇದ್ದದ್ದರ ಮ್ಯಾಲ ಹೊಸಾದು ಕಟ್ಟಬೇಕು. ನಮ್ಮ ಮಗ ಕಟ್ಟಿದ, "ಬಂದ್ರ ನಡುರಾತ್ರ್ಯಾಗ ಅಪ್ಪನ್ನ ಎಬ್ಬಸ್ತದ, ಹೋದ್ರ ಅಪ್ಪನ ಕಡಿಂದ ಬೈಸಕೋತದ." ತ್ರೀ ಫೇಸ್ ಕರೆಂಟು! ಮಗಳು ಕಟ್ಟಿದ್ಲು, "ಕೆಂಪಂಗಿ ಡೊಳ್ಳುಹೊಟ್ಟಿ, ಹೊಟ್ಟಿ ಖಾಲಿ ಆದ್ರ ಮನಿ ಬಿಟ್ಟು ಹೋಗ್ತಾನ." ಗ್ಯಾಸ್ ಸಿಲಿಂಡರ್. ನಾನೂ ಒಂದು ಹಾಕಿದೆ, "ಬಾಜೂಕ ಇದ್ದು ಎಲ್ಲಾರ ಮಾತು ಕೇಳ್ತದ, ಮನಿ ಮಂದಿ ಮಾತು ಮಾತ್ರ ಕೇಳಂಗಿಲ್ಲ." ಮೊಬೈಲ್ ಅಂತ ನನ್ನ ಮನಸಿನ್ಯಾಗ. ಪಕ್ಕದ ಮನಿ ಅಕ್ಕಾರು ಮೊಸರಿಗೆ ಬಂದು ನಿಂತಿದ್ದರು, "ನಮ್ಮ ಮನಿಯವರು" ಅಂದುಬಿಟ್ರು. ಆ ಉತ್ತರಾನೂ ಒಪ್ಪಿಕೊಂಡ್ವಿ.

ಸೂಟಿ ಮುಗಿಯೋ ಹಿಂದಿನ ವಾರ. ಅಂಗಳದಾಗ ಚಾಪಿ ಹಾಸಿ ಕುಂತಿದ್ವಿ. ಪಕ್ಕದ ಮನಿ ಅಕ್ಕಾರು ಇದ್ರು, ಎದುರು ಮನಿ ದೊಡ್ಡವ್ವ ಇದ್ರು. ಪುಣೆದ ದೊಡ್ಡಾಂವ ಎರಡು ದಿನದಿಂದ ಏನೋ ಗುನಗತಿದ್ದಾಂವ, ಆವತ್ತು ಎದ್ದು ನಿಂತು ಹಾಕಿದ.

"ಪುಣೆ ಜಿಲ್ಲಾದಾಗ ಹುಟ್ಟೇದ, ಟಿಕೀಟು ತಗೊಂಡಿಲ್ಲ, ನನಕಿಂತ ಮೊದಲೇ ಅಗರಖೇಡಕ್ಕ ಬಂದದ."

ಚಲೋ ಕಟ್ಟಿದ್ದ. ನಮ್ಮತ್ತಿ ಕೂಡಲೇ ಅಂದ್ರು, "ಹೊಳಿ."

"ಯಾವ ಹೊಳಿ? ಹೆಸರು ಹೇಳಬೇಕು."

"ನಮ್ಮೂರ ಹೊಳಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಾವನೋರ ಹೆಸರು, ಹೊಳಿ ಹೆಸರು ಒಂದೇ. ಮದುವಿಯಾಗಿ ಬಂದಾಗಿಂದ ನಮ್ಮತ್ತಿ ಹೊಳಿ ಹೆಸರು ಬಾಯಿಲೆ ಅಂದವರಲ್ಲ. ನಾನೂ ಇಲ್ಲೀಮಟ ಬರೇ ಹೊಳಿ ಅಂತನೇ ಬರದೀನಿ, ಬೇಕಾದ್ರ ಮ್ಯಾಲ ಹೋಗಿ ನೋಡ್ರಿ. ಮಾವನೋರ ಹೆಸರು ಸೊಸಿ ಹೆಂಗ ಬರಿಬೇಕು? ಹುಡುಗೂರಿಗೆ ಇದು ಗೊತ್ತಿತ್ತು, ಅದಕ್ಕs ಆಯಿನ್ನ ಹಿಡಿಬೇಕು ಅಂತ ನಾಕೂ ಕೂಡಿ ಬಲಿ ಹಾಕಿದ್ದವು.

"ಪಂಢರಪುರದಾಗ ವಿಠ್ಠಲನ ಗುಡಿ ಮುಂದ ಹರಿಯೋದು ಯಾವುದು?" ಅಂತು ನನ್ನ ಮಗ. ಅದೇ ಹೊಳಿ ಅಲ್ಲೇನ್ರಿ, ಸಿಕ್ಕಿಬಿದ್ರು ಅಂದ್ಕೊಂಡೆ.

"ಚಂದ್ರಭಾಗಾ" ಅಂದ್ರು ನಮ್ಮತ್ತಿ. ಅಲ್ಲಿ ಹೊಳಿ ಅರ್ಧಚಂದ್ರದಂಗ ತಿರುಗತದ, ಅದಕ್ಕ ಆ ಹೆಸರು. ಹುಡುಗೂರು ಬಾಯಿ ತಗದು ನೋಡಿದವು.

"ಪಾಂಡವರ ಹೆಸರು ಸಾಲು ಹಚ್ಚಿ ಹೇಳು."

"ಧರ್ಮರಾಯ, ಅವನ ತಮ್ಮ, ಅರ್ಜುನ, ನಕುಲ, ಸಹದೇವ."

"ಸಂವಿಧಾನ ಬರದವರು ಯಾರು?"

"ಬಾಬಾಸಾಹೇಬರು."

ದೊಡ್ಡವ್ವ ಹೊಟ್ಟಿ ಹಿಡ್ಕೊಂಡು ನಕ್ಕರು. ಐವತ್ತು ವರ್ಷದ ರೂಢಿ, ನಾಕು ಹುಡುಗೂರಿಗೆ ಸಿಗತದೇನು? ಆಗ ನನ್ನ ಮಗಳು, ಬಲಿ ಗಿಲಿ ಏನೂ ಇಲ್ಲದ, ಅವರ ಮೊಣಕಾಲಿಗೆ ಕೈಯಿಟ್ಟು ಕೇಳಿದಳು.

"ಆಯಿ, ಮುತ್ಯಾನ ಹೆಸರು ನಿನಗ ಮರತು ಹೋಗೇದೇನು?"

"ಇಲ್ಲವ್ವಾ. ಹೆಂಗ ಮರೀಲಿ?"

"ಮತ್ತ ಒಡಪಿನ್ಯಾಗ ಹೇಳು. ಒಡಪಿನ್ಯಾಗ ಹೇಳಬಹುದು ಅಂತ ನೀನs ಅಂದಿದ್ದಿ. ಅವ್ವ ಹೇಳ್ತಾಳ, ಅತ್ತಿ ಹೇಳ್ತಾಳ. ನೀ ಯಾಕ ಹೇಳಂಗಿಲ್ಲ?"

ನಾ ಶೇಂಗಾ ಸುಲಿಯಾಕತ್ತಿದ್ದೆ, ಕೈ ನಿಂತು. ಮಾವನೋರು ಹೋಗಿ ಮೂರು ವರ್ಷಾತು. ಗಂಡನ್ನ ಕಳಕೊಂಡವರಿಗೆ ಯಾರೂ ಒಡಪು ಕೇಳಂಗಿಲ್ಲ, ಇದು ನಮಗ ಗೊತ್ತು, ಹುಡುಗೂರಿಗೆ ಗೊತ್ತಿಲ್ಲ. ನನಗ ಕಣ್ಣ ಮುಂದ ಬಂದಿದ್ದು ಎರಡು ವರ್ಷದ ಹಿಂದಿನ ಕುಬಸ. ನೆಗೆಣ್ಣಿ ಮಗಳದು, ನಮ್ಮ ಮನ್ಯಾಗೇ ಆತು. ಅರಿಷಿಣ ಕುಂಕುಮದ ತಾಟು ನನ್ನ ಕೈಯಾಗ. ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ, ಒಡಪು ಹೇಳ್ರಿ ಅಂತ ಕಾಡಿಸ್ಕೋತ ಬಂದೆ. ನಮ್ಮತ್ತಿ ಗ್ವಾಡಿಗೆ ಆತು ಕುಂತಿದ್ರು. ಅವರ ಮುಂದ ಬಂದಾಗ ನನ್ನ ಕಾಲು ನಿಲ್ಲಲಿಲ್ಲ, ಬಾಜೂಕ ಕುಂತಾಕಿಗೆ ಹೋದೆ. ಅವರು ಎದ್ರು, "ಹಾಲು ಉಕ್ಕತಾವ ನೋಡ್ತೀನಿ" ಅಂತ ಒಳಗ ಹೋದ್ರು. ಒಲಿ ಮ್ಯಾಲ ಹಾಲು ಇದ್ದಿಲ್ಲ. ನಾನs ಹಾಲು ಕಾಸಿ ಇಳಿಸಿದ್ದೆ, ನನಗ ಗೊತ್ತಿತ್ತು. ನೂರು ಮಂದಿ ಅಡಗಿ ಗದ್ದಲದಾಗ ಆ ಮಾತು ಮರತಂಗ ಮಾಡಿದೆ. ಯಾರೇನಾದ್ರೂ ಅಂದಾರು ಅಂತ ಅಂಜಿದ್ದೆ, ಅಷ್ಟೇ. ಅತ್ತಿಗಿಂತ ನನಗ ಆ ಮಂದಿ ಹೆಚ್ಚಾಗಿದ್ರು.

ಈಗ ಮಗಳಿಗೆ ಸುಮ್ಮನಿರು ಅನ್ನಬೇಕು ಅಂತ ಬಾಯಿ ತಗದೆ. ನಮ್ಮತ್ತಿ ನನ್ನ ಕಡೆ ನೋಡಲಿಲ್ಲ. ಸೆರಗು ಸರಿ ಮಾಡ್ಕೊಂಡ್ರು, ಕೆಮ್ಮಿದ್ರು, ಹೊಸಾ ಮದುಮಗಳಂಗ ತಲಿ ಸ್ವಲ್ಪ ಬಗ್ಗಿಸಿದ್ರು.

"ಆಚಿ ದಂಡಿಗೆ ನನ ತವರು, ಈಚಿ ದಂಡಿಗೆ ಅತ್ತಿಮನಿ, ನಡುವ ಹರಿಯೋರು ನಮ್ಮ..."

ಆಮ್ಯಾಲ ಹೆಸರು ಅಂದ್ರು. ಜೋರಾಗೇ ಅಂದ್ರು. ಅವರ ತವರು ಹೊಳಿ ಆಚಿ ಅದ, ನಾವ್ಯಾಗ ದಾಟಿ ಬಂದ ಮದುಮಗಳು ಅವರು. ಹೊಸ್ತಿಲ ಮ್ಯಾಲ ನಿಲ್ಲಿಸಿ ಕೇಳಿದಾಗ ಹೇಳಿದ ಒಡಪು ಅಂತ ಅದು. ಹುಡುಗೂರು ಚಪ್ಪಾಳಿ ಹೊಡದು ಕುಣದವು. ಪುಣೆದಾಂವ, "ಆಯಿ ಹೆಸರು ಅಂದ್ಲು, ಆಯಿ ಸೋತ್ಲು!" ಅಂದ.

"ನಾ ಎಲ್ಲಿ ಸೋತೆ?" ಅಂದ್ರು ನಮ್ಮತ್ತಿ. "ನೀವು ಕೇಳಿದ್ರಿ, ನಾ ಹೇಳಿದೆ. ಊರು ಕೊಡ್ರಿ."

"ಪುಣೆ ತಗೋ."

"ಪುಣೆ ಬ್ಯಾಡ. ನೀವು ನೀರು ಬಿಡ್ತೀರಿ."

ನಗು ಇಳದ ಮ್ಯಾಲ ಎದುರು ಮನಿ ದೊಡ್ಡವ್ವನ ಕಡೆ ನೋಡಾಕ ನನಗ ಧೈರ್ಯ ಇದ್ದಿಲ್ಲ. ಅವರ ಯಜಮಾನರು ಹೋಗಿ ಹನ್ನೆರಡು ವರ್ಷ. ಊರಾಗ ಯಾವುದು ಸರಿ ಯಾವುದು ತಪ್ಪು ಅಂತ ಹೇಳೋರು ಅವರs. ದೊಡ್ಡವ್ವ ಎಲಿಅಡಕಿ ಉಗುಳಿ ಬಂದು ಹೊಳ್ಳಿ ಕುಂತ್ರು. "ಏ ಕೂಸಾ" ಅಂತ ನನ್ನ ಮಗಳನ್ನ ಕರದ್ರು, "ನನಗೊಂದು ಕೇಳಬಾರದೇನು?"

ಅವರದು ಬಾಳ ಉದ್ದಂದು. ಮಾವಿನ ತೋರಣದಿಂದ ಶುರುವಾಗಿ ನಡುವ ಒಂದು ಸಾಲು ಮರತು, ಮತ್ತ ಮೊದಲಿಂದ ಶುರು ಮಾಡಿ, ಕಡೀಗೆ ಯಜಮಾನರ ಹೆಸರಿಗೆ ಬಂದು ಮುಟ್ಟಿದ್ರು. ಅಗಸಿ ಬಾಗಲದಾಗಿನ ದೇವರ ಹೆಸರು ಅವರದು. ಇಷ್ಟು ವರ್ಷ ದೊಡ್ಡವ್ವ ಹಣಮಪ್ಪನ ಗುಡಿಗೆ "ಅಗಸಿ ದೇವರ ಗುಡಿ" ಅಂತ ಯಾಕ ಅಂತಿದ್ರು ಅನ್ನೋದು ನನಗ ಆವತ್ತು ತಿಳೀತು. ಆಮ್ಯಾಲ ಇಬ್ಬರೂ ತಮ್ಮ ತಮ್ಮ ಮದುವಿ ಕಥಿ ತಗದ್ರು. ಹುಡುಗೂರು ಅಲ್ಲೇ ಚಾಪಿ ಮ್ಯಾಲ ಒಂದೊಂದೇ ಉರುಳಿದವು. ಕುಬಸದ ಮಾತು ನಮ್ಮತ್ತಿ ತಗೀಲಿಲ್ಲ. ನಾನೂ ತಗೀಲಿಲ್ಲ. ಮಲಗೂಮುಂದ ಅವರ ಕಾಲಿಗೆ ಎಣ್ಣಿ ಹಚ್ಚಿಕೊಟ್ಟೆ, "ಎಂದಿಲ್ಲದ ಇವತ್ತ್ಯಾಕವ್ವಾ?" ಅಂದ್ರು, ಕಾಲು ಮಾತ್ರ ಎಳಕೊಳ್ಳಲಿಲ್ಲ. ಬರೂ ತಿಂಗಳು ಪಕ್ಕದ ಮನಿ ಅಕ್ಕಾರ ಸೊಸಿದು ಕುಬಸ ಅದ, ತಾಟು ಹಿಡಿಯಾಕ ನನ್ನನ್ನs ಕರದಾರ.

ಮುಂಜಾನಿ ಬ್ಯಾಳಿ ಇಡಾಕ ಅಂತ ಅಟ್ಟದ ಮ್ಯಾಲಿನ ಕುಕ್ಕರ್ ಇಳಿಸಿ ಮುಚ್ಚಳ ತಗದೆ. ಮೂರೂ ಮೊಬೈಲ್ ಅಲ್ಲೇ ಇದ್ದವು. ರಾತ್ರಿ ಯಾರೂ ಕೇಳಿರಲಿಲ್ಲ, ನಮ್ಮವರು ಸೈತ.